ಕೊಕ್ಕೋ ಕೂಡಿದ ಕೋಳಿ ಗಸಿ

ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯಲ್ಲಿ ಅನ್ಯದೇಶ್ಯ ಶಬ್ದಗಳ ಪಾಠ ನಡೆಯುತ್ತಿತ್ತು. ಹೊರಗಿನಿಂದ ಬಂದು ಕನ್ನಡದಲ್ಲಿ ನೆಲೆನಿಂತ ಶಬ್ದಗಳನ್ನು ಒಂದೊಂದಾಗಿ ಹೇಳಿರೆಂದು ಕೇಳಿದೆ. ‘ಕುರ್ಚಿ’ ಎಂದಳು ಒಬ್ಬಳು, ‘ಚಾವಿ’ ಎಂದನು ಇನ್ನೊಬ್ಬ, ‘ಬಟಾಟೆ’ ಎಂದನು ಮತ್ತೊಬ್ಬ. ಹಿಂದಿನ ಬೆಂಚಿನಿಂದ ‘ಚಾಕಲೇಟು’ ಎಂಬ ಉತ್ತರ ಬಂದಾಗ ಎಲ್ಲರೂ ನಕ್ಕರು. “ಅದು ಇಂಗ್ಲಿಷ್, ಟೀಚರ್” ಎಂದರು. “ಇಂಗ್ಲಿಷಿಗೆ ಅದು ಎಲ್ಲಿಂದ ಬಂತು?” ಎಂದು ಕೇಳಿದರೆ ಉತ್ತರವಿಲ್ಲ. ಅದು ಮೆಕ್ಸಿಕೋ ದೇಶದ ಶಬ್ದವೆಂದೂ, ಅಲ್ಲಿನವರು ಕೋಳಿಯ ಪದಾರ್ಥಕ್ಕೂ ಚಾಕಲೇಟು ಹಾಕುವುದುಂಟೆಂದೂ ನಾನು ಹೇಳಿದೆ. ಇಡೀ ತರಗತಿ ಒಂದೇ ಸ್ವರದಲ್ಲಿ “ಶೀ!” ಎಂದಿತು.

ಆ ಸದ್ದು ಅಡಗಿದ ಮೇಲೆ, ಅಡಿಕೆ ತೋಟದಲ್ಲಿ ಕೊಕ್ಕೋ ಬೆಳೆಯುವ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ನೀವು ಅದನ್ನು ತಿಂದು ನೋಡಿದ್ದೀರಾ?” ಎಂದು ಕೇಳಿದಳು. ಇಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ರುಚಿ ನೋಡದವರು “ಶೀ” ಎನ್ನುವುದು ಎಷ್ಟು ತಪ್ಪೋ, ರುಚಿ ನೋಡದವರು ಹೊಗಳುವುದೂ ಅಷ್ಟೇ ತಪ್ಪಲ್ಲವೇ? ಅಂದಿನಿಂದ ಆ ಅಡುಗೆಯ ವಿಷಯವನ್ನು ಓದಿದೆ, ಮನೆಯಲ್ಲಿ ಮಾಡಿದೆ, ಒಮ್ಮೆ ಕೆಡಿಸಿ, ಮತ್ತೊಮ್ಮೆ ಮಾಡಿ ಕಲಿತೆ. ಆ ಹುಡುಗಿಗೆ ಸಲ್ಲಬೇಕಾದ ಉತ್ತರವೇ ಈ ಲೇಖನ.

ಹೆಸರು ಮತ್ತು ಹುಟ್ಟು

ಆ ಅಡುಗೆಯ ಹೆಸರು ‘ಮೋಲೆ’. ಮೊದಲಕ್ಷರವನ್ನು ದೀರ್ಘವಾಗಿಯೇ ಉಚ್ಚರಿಸಬೇಕೆಂಬುದನ್ನು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಕ್ಸಿಕೋದ ಮೂಲನಿವಾಸಿಗಳ ನಾವಾಟ್ಲ್ ಎಂಬ ಭಾಷೆಯಲ್ಲಿ ‘ಮೋಲ್ಲಿ’ ಎಂದರೆ ಅರೆದು ಮಾಡಿದ ಗಸಿ ಎಂದರ್ಥ. ಬೆಣ್ಣೆಹಣ್ಣನ್ನು ಜಜ್ಜಿ ಮಾಡುವ ಅಲ್ಲಿನ ‘ಗ್ವಾಕಮೋಲೆ’ಯಲ್ಲಿಯೂ ಇದೇ ಶಬ್ದ ಅಡಗಿದೆ. ನಾವು ದಿನನಿತ್ಯ ಬಳಸುವ ಟೊಮೇಟೊ ಎಂಬ ಶಬ್ದವೂ ಅದೇ ಭಾಷೆಯ ‘ತೊಮಾಟ್ಲ್’ ಎಂಬುದರಿಂದ ಹುಟ್ಟಿದ್ದು.

ಮೋಲೆ ಎಂಬುದು ಒಂದೇ ಅಡುಗೆಯಲ್ಲ, ಅದೊಂದು ಕುಟುಂಬ. ಮೆಕ್ಸಿಕೋದ ದಕ್ಷಿಣದ ಒವಾಹಾಕ ಪ್ರಾಂತದಲ್ಲಿ ಕಪ್ಪು, ಕೆಂಪು, ಹಳದಿ, ಹಸಿರು ಮುಂತಾಗಿ ಏಳು ಬಗೆಯ ಮೋಲೆಗಳನ್ನು ಹೆಸರಿಸುತ್ತಾರೆ. ಎಲ್ಲದರಲ್ಲಿಯೂ ಚಾಕಲೇಟು ಇರುವುದಿಲ್ಲ. ಚಾಕಲೇಟು ಕೂಡಿದವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಪುಎಬ್ಲ ನಗರದ ‘ಮೋಲೆ ಪೊಬ್ಲಾನೊ’.

ಇದರ ಹುಟ್ಟಿನ ಬಗ್ಗೆ ಒಂದು ಐತಿಹ್ಯವಿದೆ. ಹದಿನೇಳನೆಯ ಶತಮಾನದಲ್ಲಿ ಪುಎಬ್ಲದ ಸಂತ ರೋಸಾ ಕನ್ಯಾಮಠಕ್ಕೆ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರಂತೆ. ಆಂದ್ರೆಯಾ ಎಂಬ ಸಂನ್ಯಾಸಿನಿ ಮಠದ ಅಡುಗೆಮನೆಯಲ್ಲಿದ್ದ ಮೆಣಸು, ಬೀಜಗಳು, ಸಂಬಾರ, ಚಾಕಲೇಟು ಎಲ್ಲವನ್ನೂ ಅರೆದು ಈ ಗಸಿಯನ್ನು ಸಿದ್ಧಪಡಿಸಿದಳಂತೆ. ಬಣ್ಣದ ಹೆಂಚುಗಳನ್ನು ಹೊದಿಸಿದ ಆ ಅಡುಗೆಮನೆಯನ್ನು ಇಂದಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಗಸಿ ಅದಕ್ಕಿಂತ ಹಳೆಯದು. ೧೫೨೯ರಲ್ಲಿ ಮೆಕ್ಸಿಕೋಕ್ಕೆ ಬಂದ ಸಹಗೂನ್ ಎಂಬ ಸ್ಪೇನಿನ ಪಾದ್ರಿ ನಾವಾಟ್ಲ್ ಭಾಷೆಯನ್ನು ಕಲಿತು, ಅಲ್ಲಿನ ಹಿರಿಯರಿಂದ ಕೇಳಿ, ಅವರ ಬದುಕಿನ ವಿವರಗಳನ್ನು ಅವರದೇ ಭಾಷೆಯಲ್ಲಿ ಬರೆಸಿಟ್ಟನು. ಅದರಲ್ಲಿ ಕೆಂಪು ಮೆಣಸು, ಟೊಮೇಟೊ ಮತ್ತು ಕುಂಬಳದ ಬೀಜಗಳನ್ನು ಅರೆದು ಟರ್ಕಿ ಕೋಳಿಗೆ ಹಾಕುವ ಗಸಿಯ ಪ್ರಸ್ತಾಪವಿದೆ. ಆ ಜನರಿಗೆ ಕೊಕ್ಕೋ ಎಂದರೆ ಕುಡಿಯುವ ಪಾನೀಯವಾಗಿತ್ತು. ಕೊಕ್ಕೋ ಬೀಜಗಳು ಸಂತೆಯಲ್ಲಿ ನಾಣ್ಯದಂತೆ ಚಲಾವಣೆಯಲ್ಲಿದ್ದವು.

೧೫೨೧ರಲ್ಲಿ ಸ್ಪೇನಿನವರು ಆ ದೇಶವನ್ನು ಗೆದ್ದ ಮೇಲೆ ನಮಗೆ ಪರಿಚಿತವಾದ ಕೋಳಿ, ಬಾದಾಮಿ, ಒಣದ್ರಾಕ್ಷಿ, ಗೋಧಿಯ ರೊಟ್ಟಿ, ಬೆಳ್ಳುಳ್ಳಿ ಅಲ್ಲಿಗೆ ಬಂದವು. ಏಷ್ಯಾಖಂಡದ ಒಳ್ಳೆಮೆಣಸು, ಲವಂಗ, ದಾಲ್ಚಿನ್ನಿ ಅಲ್ಲಿನ ಅರೆಯುವ ಕಲ್ಲಿಗೆ ಬಿದ್ದವು. ಸ್ಥಳೀಯರ ಗಸಿಯಲ್ಲಿ ಹೊರಗಿನವರ ಸಾಮಾನು ಕೂಡಿ ಇಂದಿನ ಮೋಲೆಯಾಯಿತು. ಮದುವೆ, ನಾಮಕರಣ, ಊರ ಜಾತ್ರೆಗಳಲ್ಲಿ ಅದು ಇರಲೇಬೇಕು. ನವೆಂಬರ್ ತಿಂಗಳ ಮೊದಲೆರಡು ದಿನಗಳಲ್ಲಿ ಗತಿಸಿದವರನ್ನು ನೆನೆಯುವ ಹಬ್ಬದಲ್ಲಿ, ನಮ್ಮಲ್ಲಿ ಹಿರಿಯರಿಗೆ ಎಡೆ ಬಡಿಸುವಂತೆ, ಅವರ ಪಟದ ಮುಂದೆಯೂ ಮೋಲೆಯನ್ನಿಡುತ್ತಾರೆ. ೨೦೧೦ರಲ್ಲಿ ಯುನೆಸ್ಕೋ ಸಂಸ್ಥೆಯು ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಹೋದ ಮೆಣಸು, ಬಂದ ಮೆಣಸು

ಇದೆಲ್ಲ ದೂರದ ದೇಶದ ಮಾತಾಯಿತು, ನಮಗೇನು ಎಂದು ಕೇಳಬಹುದು. ನಿಮ್ಮ ಮನೆಯ ಸಂಬಾರದ ಡಬ್ಬಿಯನ್ನೇ ತೆರೆದು ನೋಡಿ. ಕನ್ನಡದಲ್ಲಿ ‘ಮೆಣಸು’ ಎಂದರೆ ಮೊದಲು ಬಳ್ಳಿಯಲ್ಲಿ ಬೆಳೆಯುವ ಕಾಳುಮೆಣಸೇ ಆಗಿತ್ತು. ಅದನ್ನು ಅರಸಿಕೊಂಡೇ ವಾಸ್ಕೋ ಡ ಗಾಮ ೧೪೯೮ರಲ್ಲಿ ಕೋಝಿಕ್ಕೋಡಿಗೆ ಬಂದನು. ಅವನಿಗಿಂತ ಆರು ವರ್ಷ ಮೊದಲು ಅದನ್ನೇ ಅರಸುತ್ತ ಹೊರಟ ಕೊಲಂಬಸನು ದಿಕ್ಕು ತಪ್ಪಿ ಅಮೆರಿಕವನ್ನು ಮುಟ್ಟಿದನು. ಅಲ್ಲಿ ಕಂಡ ಖಾರದ ಕೆಂಪು ಕಾಯಿಯನ್ನು ಮೆಣಸಿನ ಹೆಸರಿನಿಂದಲೇ ಕರೆದನು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಆ ಕಾಯಿಯನ್ನು ನಮ್ಮ ಕರಾವಳಿಗೆ ತಂದರು. ಹೊಸದಾಗಿ ಬಂದದ್ದೇ ಮೆಣಸಾಯಿತು. ಹಳೆಯ ಮೆಣಸಿಗೆ ಗುರುತಿಗಾಗಿ ಬೇರೆ ಹೆಸರು ಬೇಕಾಯಿತು. ನಮ್ಮ ಕಡೆಯ ಕನ್ನಡದಲ್ಲಿ ಅದು ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆಮುಂಚಿ’, ಮಲಯಾಳದಲ್ಲಿ ‘ನಲ್ಲಮುಳಕು’. ಮೂರು ಭಾಷೆಗಳ ಅಜ್ಜಿಯಂದಿರೂ ಒಂದೇ ರೀತಿಯಲ್ಲಿ ಯೋಚಿಸಿದ್ದಾರೆ: ಹಳೆಯದು ಒಳ್ಳೆಯದು! ಹಡಗಿನಲ್ಲಿ ಬಂದ ನೆಲಕಡಲೆಯನ್ನು ಮಲಯಾಳದಲ್ಲಿ ‘ಕಪ್ಪಲಂಡಿ’ ಎನ್ನುವುದನ್ನು ನೀವು ಪೇಟೆಯಲ್ಲಿ ದಿನವೂ ಕೇಳುತ್ತೀರಿ. ಕಪ್ಪಲ್ ಎಂದರೆ ಹಡಗು. ಕನ್ನಡದ ‘ಪರಂಗಿಹಣ್ಣು’ ಕೂಡ ತನ್ನ ಚರಿತ್ರೆಯನ್ನು ಹೆಸರಿನಲ್ಲಿಯೇ ಹೊತ್ತಿದೆ.

ಇನ್ನು ಕೊಕ್ಕೋ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಕಾಂಡಕ್ಕೇ ಅಂಟಿಕೊಂಡು ಬಿಡುವ ಆ ಹಣ್ಣನ್ನು ಒಡೆದು ಬಿಳಿಯ ತಿರುಳು ಚೀಪದ ಮಕ್ಕಳು ನಮ್ಮಲ್ಲಿ ಕಡಿಮೆ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನ ಸಂಸ್ಥೆಯಲ್ಲಿ ತೆಂಗು, ಅಡಿಕೆಗಳ ಜೊತೆಗೆ ಕೊಕ್ಕೋವಿನ ಮೇಲೂ ಸಂಶೋಧನೆ ನಡೆಯುತ್ತದೆ. ೧೯೭೩ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನು ತೆರೆಯಿತು. ಹಸಿ ಬೀಜಕ್ಕೆ ಚಾಕಲೇಟಿನ ಪರಿಮಳವಿಲ್ಲ. ತಿರುಳಿನ ಸಮೇತ ಐದಾರು ದಿನ ರಾಶಿ ಹಾಕಿ ಹುಳಿಬರಿಸಿ, ಬಿಸಿಲಿನಲ್ಲಿ ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆದಾಗಲೇ ಆ ಪರಿಮಳ ಹೊರಡುತ್ತದೆ. ಅರೆದದ್ದಕ್ಕೆ ಸಕ್ಕರೆ ಸೇರದಿದ್ದರೆ ಅದು ಕಹಿಯೇ. ಮೋಲೆಗೆ ಬೇಕಾದುದು ಆ ಕಹಿ. ಮಕ್ಕಳು ಊಹಿಸಿಕೊಂಡು “ಶೀ” ಎಂದದ್ದು ಅಂಗಡಿಯ ಸಿಹಿ ಚಾಕಲೇಟನ್ನು ನೆನೆದು.

ಬೇಕಾಗುವ ಸಾಮಾನುಗಳು

ಪುಎಬ್ಲದಲ್ಲಿ ಇದಕ್ಕೆ ಆಂಚೊ, ಮುಲಾತೊ, ಪಸಿಲ್ಲ ಎಂಬ ಮೂರು ಬಗೆಯ ಒಣಮೆಣಸುಗಳನ್ನು ಬಳಸುತ್ತಾರೆ. ಅವು ಬಣ್ಣ ಹೆಚ್ಚು, ಖಾರ ಕಡಿಮೆ ಇರುವ, ಸುಕ್ಕುಗಟ್ಟಿದ ಮೆಣಸುಗಳು. ನಮ್ಮಲ್ಲಿ ಆ ಗುಣಕ್ಕೆ ಹತ್ತಿರವಾದದ್ದು ಬ್ಯಾಡಗಿ ಮೆಣಸು. ಆದರೂ ಅದು ಅವಕ್ಕಿಂತ ತುಸು ಖಾರವಾದುದರಿಂದ ಪ್ರಮಾಣವನ್ನು ಕಡಿಮೆ ಮಾಡಿದ್ದೇನೆ. ಅಲ್ಲಿನ ರುಚಿ ಅಚ್ಚೊತ್ತಿದಂತೆ ಬರುವುದಿಲ್ಲ. ಅದರ ಜಾಡು ಸಿಗುತ್ತದೆ. ಆರು ಮಂದಿಗೆ ಈ ಪ್ರಮಾಣ ಸಾಕು:

ಕೋಳಿ ಮಾಂಸ ೧ ಕಿಲೋ. ಬ್ಯಾಡಗಿ ಮೆಣಸು ೧೨. ನೆಲಕಡಲೆ ಕಾಲು ಕಪ್ಪು, ಬಾದಾಮಿ ೧೦, ಬಿಳಿ ಎಳ್ಳು ೩ ಚಮಚ, ಒಣದ್ರಾಕ್ಷಿ ೨ ಚಮಚ. ಅರ್ಧ ನೇಂದ್ರ ಬಾಳೆಹಣ್ಣು. ಒಣಗಿದ ಚಪಾತಿ ೧ (ಅಲ್ಲಿ ಜೋಳದ, ಅಂದರೆ ಮೆಕ್ಕೆಜೋಳದ, ರೊಟ್ಟಿ ಹಾಕುತ್ತಾರೆ). ಟೊಮೇಟೊ ೩, ನೀರುಳ್ಳಿ ೨, ಬೆಳ್ಳುಳ್ಳಿ ೭ ಎಸಳು. ದಾಲ್ಚಿನ್ನಿ ಒಂದಿಂಚು, ಲವಂಗ ೩, ಒಳ್ಳೆಮೆಣಸು ೬ ಕಾಳು, ಕೊತ್ತಂಬರಿ ೧ ಸಣ್ಣ ಚಮಚ, ಸೋಂಪು ಅರ್ಧ ಸಣ್ಣ ಚಮಚ. ಸಕ್ಕರೆ ಬೆರೆಸದ ಕೊಕ್ಕೋ ಹುಡಿ ೧ ದೊಡ್ಡ ಚಮಚ, ಬೆಲ್ಲ ೧ ದೊಡ್ಡ ಚಮಚ, ಎಣ್ಣೆ ೫ ದೊಡ್ಡ ಚಮಚ, ಉಪ್ಪು.

ಮಾಡುವ ಕ್ರಮ

ಮಕ್ಕಳು ಇದನ್ನು ಮನೆಯ ಹಿರಿಯರ ಜೊತೆಗೇ ಮಾಡಬೇಕು. ಮೆಣಸನ್ನು ಬಿಡಿಸುವ ಮೊದಲು ಕೈಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಕಣ್ಣು ಮುಟ್ಟಿಕೊಳ್ಳಬೇಡಿ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಕೈಯನ್ನು ಬರಿಯ ನೀರಿನಲ್ಲಿ ತೊಳೆದರೆ ಉರಿ ಹೋಗದು. ಎಣ್ಣೆ ಸವರಿ ಆಮೇಲೆ ಸಾಬೂನು ಹಾಕಿ ತೊಳೆಯಬೇಕು.

ಮೊದಲನೆಯದಾಗಿ ಕೋಳಿಯನ್ನು ಒಂದು ನೀರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಉಪ್ಪು ಮತ್ತು ಆರು ಕಪ್ಪು ನೀರಿನೊಡನೆ ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಮಿಕ್ಕಿ ಬೇಯಿಸಿ. ಊರ ಕೋಳಿಯಾದರೆ ಒಂದು ಗಂಟೆಗೂ ಹೆಚ್ಚು ಬೇಕಾದೀತು. ನೀರು ಆರಿದರೆ ಸೇರಿಸಿಕೊಳ್ಳಿ. ಬೆಂದ ಮಾಂಸವನ್ನು ತೆಗೆದಿಟ್ಟು ನೀರನ್ನು ಸೋಸಿಡಿ. ಆ ನೀರೇ ಗಸಿಯ ಜೀವ.

ಎರಡನೆಯದಾಗಿ ಮೆಣಸಿನ ತೊಟ್ಟು ತೆಗೆದು, ಸೀಳಿ, ಬೀಜಗಳನ್ನೂ ಒಳಗಿನ ಬಿಳಿಯ ನಾರನ್ನೂ ತೆಗೆಯಿರಿ. ಖಾರ ಬೀಜದಲ್ಲಿದೆಯೆಂದು ಹೆಚ್ಚಿನವರು ತಿಳಿದಿದ್ದಾರೆ. ನಿಜವಾಗಿ ಅದು ಇರುವುದು ಬೀಜ ಅಂಟಿಕೊಂಡಿರುವ ಆ ಬಿಳಿಯ ಭಾಗದಲ್ಲಿ. ಅನಂತರ ಎರಡು ಚಮಚ ಎಣ್ಣೆಯನ್ನು ಕಾಯಿಸಿ, ಉರಿ ತಗ್ಗಿಸಿ, ಮೆಣಸನ್ನು ಎರಡು ಮಗ್ಗುಲಿಗೂ ಕೆಲವೇ ಕ್ಷಣ ಹುರಿಯಿರಿ. ಪರಿಮಳ ಬಂದು ಬಣ್ಣ ತುಸು ಬದಲಾದೊಡನೆ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ.

ಇಲ್ಲಿಯೇ ನಾನು ಮೊದಲ ಸಲ ಸೋತದ್ದು. ಮೆಣಸನ್ನು ಒಲೆಯ ಮೇಲಿಟ್ಟು ಉತ್ತರಪತ್ರಿಕೆಗಳ ಕಟ್ಟಿನತ್ತ ತಿರುಗಿದೆ. ಮರಳಿ ನೋಡುವಾಗ ಮೆಣಸು ಕರ್ರಗಾಗಿತ್ತು. ಮನೆಯವರೆಲ್ಲ ಕೆಮ್ಮುತ್ತ ಜಗಲಿಗೆ ಓಡಿದ್ದರು. ಮೋಲೆಯ ಬಣ್ಣ ಹೇಗೂ ಕಪ್ಪೇ ತಾನೇ ಎಂದು ಅದನ್ನೇ ಅರೆದೆ. ಬೆಲ್ಲ ಹಾಕಿದೆ, ಇನ್ನಷ್ಟು ಬೆಲ್ಲ ಹಾಕಿದೆ. ಸುಟ್ಟ ಕಹಿ ಹೋಗಲಿಲ್ಲ. ಒಂದು ಕಿಲೋ ಕೋಳಿ ಹಾಳಾಯಿತು. ಕೊಕ್ಕೋವಿನ ಕಹಿ ಬೇರೆ, ಕರಕಿನ ಕಹಿ ಬೇರೆ ಎಂಬ ಪಾಠಕ್ಕೆ ನಾನು ತೆತ್ತ ಶುಲ್ಕವದು. ಮೆಣಸು ಕರಕಾದರೆ ಆಗಲೇ ಎಸೆದು ಬೇರೆ ತೆಗೆದುಕೊಳ್ಳಿ. ಹನ್ನೆರಡು ಮೆಣಸು ಹೋದರೂ ಉಳಿದದ್ದು ಉಳಿಯುತ್ತದೆ.

ಮೂರನೆಯದಾಗಿ ಅದೇ ಎಣ್ಣೆಯಲ್ಲಿ ನೆಲಕಡಲೆ, ಬಾದಾಮಿ, ದ್ರಾಕ್ಷಿ, ಬಾಳೆಹಣ್ಣಿನ ತುಂಡು, ಚಪಾತಿಯ ಚೂರು ಇವುಗಳನ್ನು ಬೇರೆ ಬೇರೆಯಾಗಿ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಸುರಿಯಬಾರದು. ದ್ರಾಕ್ಷಿ ಉಬ್ಬುವ ಹೊತ್ತಿಗೆ ಬಾದಾಮಿ ಇನ್ನೂ ಹಸಿಯಾಗಿಯೇ ಇರುತ್ತದೆ. ಎಳ್ಳನ್ನೂ ಸಂಬಾರಗಳನ್ನೂ ಎಣ್ಣೆಯಿಲ್ಲದೆ ಬೆಚ್ಚಗೆ ಹುರಿಯಿರಿ. ಅಲಂಕಾರಕ್ಕೆ ಒಂದು ಚಮಚ ಎಳ್ಳನ್ನು ಬೇರೆ ಇಡಿ. ಟೊಮೇಟೊ, ಉಳಿದ ನೀರುಳ್ಳಿ, ಬೆಳ್ಳುಳ್ಳಿಗಳನ್ನು ಕಾವಲಿಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವವರೆಗೆ ಸುಡಿ.

ನಾಲ್ಕನೆಯದು ಅರೆಯುವ ಕೆಲಸ. ಮೆಕ್ಸಿಕೋದ ಹಳ್ಳಿಗಳಲ್ಲಿ ‘ಮೆತಾತೆ’ ಎಂಬ ಇಳಿಜಾರಾದ ಕಲ್ಲಿನ ಮೇಲೆ ಹೆಂಗಸರು ಮಂಡಿಯೂರಿ ಕುಳಿತು ಇದನ್ನು ಅರೆಯುತ್ತಿದ್ದರು. ಅದರ ಚಿತ್ರವನ್ನು ನೋಡಿದರೆ ನಮ್ಮ ಅಮ್ಮಿಕಲ್ಲು ನೆನಪಾಗದಿರದು. ನಮಗೆ ಮಿಕ್ಸಿ ಸಾಕು. ನೆನೆದ ಮೆಣಸನ್ನು ಮೊದಲು ಪ್ರತ್ಯೇಕವಾಗಿ ನುಣ್ಣಗೆ ಅರೆದಿಡಿ. ಮೆಣಸು ನೆನೆದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಾಗಿದ್ದರೆ ಚೆಲ್ಲಿ, ಕೋಳಿ ಬೆಂದ ನೀರನ್ನೇ ಹಾಕಿ ಅರೆಯಿರಿ. ಆಮೇಲೆ ಉಳಿದುದನ್ನೆಲ್ಲ ಕೂಡಿಸಿ ಬೆಣ್ಣೆಯಂತೆ ಅರೆಯಿರಿ.

ಐದನೆಯದಾಗಿ ದಪ್ಪ ತಳದ ಪಾತ್ರೆಯಲ್ಲಿ ಉಳಿದ ಎಣ್ಣೆ ಕಾಯಿಸಿ, ಮೆಣಸಿನ ಅರಪ್ಪನ್ನು ಹಾಕಿ ಏಳೆಂಟು ನಿಮಿಷ ಕೈಬಿಡದೆ ಮಗುಚಿ. ನೀರಿನ ಅಂಶ ಹೋಗಿ, ಮೆಣಸಿನ ಬಣ್ಣವೂ ಪರಿಮಳವೂ ಎಣ್ಣೆಗೆ ಇಳಿದು, ಅರಪ್ಪು ಗಾಢವಾಗುತ್ತದೆ. ಆಗ ಬೀಜಗಳ ಅರಪ್ಪನ್ನು ಸೇರಿಸಿ ಇನ್ನೂ ಹತ್ತು ನಿಮಿಷ ಮಗುಚಿ. ಸೋಸಿಟ್ಟ ನೀರನ್ನು ಮೂರು ಕಪ್ಪಿನಷ್ಟು ಸ್ವಲ್ಪ ಸ್ವಲ್ಪವಾಗಿ ಹಾಕಿ, ಅತಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ. ಬೀಜ ಮತ್ತು ಚಪಾತಿ ಸೇರಿರುವುದರಿಂದ ತಳಹಿಡಿಯುವ ಸಂಭವ ಹೆಚ್ಚು. ಆಗಾಗ ಸೌಟು ಆಡಿಸಬೇಕು. ಕೊನೆಯ ಕಾಲು ಗಂಟೆಯಲ್ಲಿ ಕೊಕ್ಕೋ ಹುಡಿಯನ್ನು ಸ್ವಲ್ಪ ಬಿಸಿನೀರಿನಲ್ಲಿ ಕದಡಿ ಹಾಕಿ, ಬೆಲ್ಲ ಮತ್ತು ಉಪ್ಪು ಸೇರಿಸಿ. ಮೇಲೆ ಎಣ್ಣೆ ತೇಲಿ, ಸೌಟಿನ ಬೆನ್ನಿಗೆ ಗಸಿ ಅಂಟಿ ನಿಲ್ಲುವಂತಾದರೆ ಹದ ಬಂತೆಂದು ತಿಳಿಯಿರಿ. ಮಾಂಸವನ್ನು ಹಾಕಿ ಹತ್ತು ನಿಮಿಷ ಕುದಿಸಿ, ಎಳ್ಳು ಉದುರಿಸಿ ಇಳಿಸಿ. ಅನ್ನಕ್ಕೂ ಆಗುತ್ತದೆ, ಚಪಾತಿಗೂ ಆಗುತ್ತದೆ. ಮರುದಿನ ರುಚಿ ಇನ್ನೂ ಹೆಚ್ಚು.

ಮಾಂಸ ತಿನ್ನದ ಮನೆಯವರು ಈ ಪುಟವನ್ನು ಮಗುಚಿ ಹಾಕಬೇಕಾಗಿಲ್ಲ. ಸಿಹಿಗುಂಬಳ, ಬಟಾಟೆ, ಬೇಯಿಸಿದ ಕಡಲೆ ಈ ಗಸಿಗೆ ಚೆನ್ನಾಗಿ ಹೊಂದುತ್ತವೆ. ತರಕಾರಿ ಬೆಂದ ನೀರನ್ನು ಬಳಸಿದರಾಯಿತು.

ರುಚಿ ಹೇಗಿತ್ತು?

ಎರಡನೆಯ ಸಲ ಮಾಡಿದಾಗ ಮೊದಲ ತುತ್ತನ್ನು ಅತ್ತೆಗೆ ಕೊಟ್ಟೆ. ಅವರಿಗೆ ಮೆಕ್ಸಿಕೋ ಗೊತ್ತಿಲ್ಲ; ಕೊಕ್ಕೋ ಎಂದರೆ ಅಳಿಲು ತೂತು ಮಾಡುವ ಕಾಯಿ ಎಂದಷ್ಟೇ ಗೊತ್ತು. ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. “ತೆಂಗಿನಕಾಯಿ ಹಾಕಲಿಲ್ಲ, ಅಲ್ಲವಾ?” ಎಂದರು. ಮತ್ತೊಂದು ತುತ್ತು ತಿಂದು, “ನಮ್ಮ ಗಸಿಗೆ ಇದು ದೂರದ ನೆಂಟಸ್ತಿಕೆಯದ್ದು” ಎಂದು ತೀರ್ಪು ಕೊಟ್ಟರು. ಮೊದಲು ಖಾರ, ಹಿಂದಿನಿಂದ ಹುಳಿ, ಸಿಹಿಯ ಒಂದು ಎಳೆ, ಕೊನೆಗೆ ನಾಲಿಗೆಯ ಬುಡದಲ್ಲಿ ಉಳಿಯುವ ಕಹಿ. ಚಾಕಲೇಟು ಇದೆಯೆಂದು ಹೇಳದಿದ್ದರೆ ಯಾರಿಗೂ ತಿಳಿಯದು. ಹಾಕದಿದ್ದರೆ ಏನೋ ಕಡಿಮೆಯಾಯಿತೆಂದು ತಿಳಿಯುತ್ತದೆ.

ಮಕ್ಕಳೇ, ನೀವು ಅಂದು “ಶೀ” ಎಂದಾಗ ನನಗೆ ಬೇರೊಂದು “ಶೀ” ನೆನಪಾಯಿತು. ಅಧ್ಯಾಪಕ ತರಬೇತಿಗೆಂದು ನಾನು ದೂರದ ಊರಿಗೆ ಹೋದಾಗ ಒಂದು ದಿನ ಬುತ್ತಿಯಲ್ಲಿ ಕುಚ್ಚಲಕ್ಕಿಯ ಅನ್ನ, ಒಣಮೀನಿನ ಚಟ್ನಿ ಒಯ್ದಿದ್ದೆ. ಮುಚ್ಚಳ ತೆರೆದೊಡನೆ ಪಕ್ಕದವರು ಮೂಗು ಮುಚ್ಚಿಕೊಂಡರು. ನನ್ನ ಗಡಿನಾಡಿನ ಕನ್ನಡಕ್ಕೂ ಅವರು ಹಾಗೆಯೇ ನಕ್ಕಿದ್ದರು. ತರಬೇತಿ ಮುಗಿಯುವವರೆಗೂ ನಾನು ಆ ಬುತ್ತಿ ಒಯ್ಯಲಿಲ್ಲ. ತರಗತಿಯಲ್ಲಿ ಮಾತೂ ಕಡಿಮೆಯಾಯಿತು. ತಟ್ಟೆಗೆ ನಕ್ಕವರು ನಾಲಿಗೆಗೂ ನಕ್ಕಂತೆಯೇ.

ಮೋಲೆ ಎಂಬ ಹೆಸರು ಕೊಟ್ಟ ನಾವಾಟ್ಲ್ ಭಾಷೆಯ ಮಾತು ಮುಗಿಸಿ ವಿರಮಿಸುತ್ತೇನೆ. ಆ ಜನರ ರಾಜ್ಯ ಹೋಗಿ ಐನೂರು ವರ್ಷಗಳಾದವು. ಕಚೇರಿ, ಪೇಟೆ, ಶಾಲೆ ಎಲ್ಲ ಸ್ಪಾನಿಷ್ ಭಾಷೆಯದ್ದಾಯಿತು. ಆದರೂ ೨೦೨೦ರ ಜನಗಣತಿಯಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಮಂದಿ ಆ ಭಾಷೆಯನ್ನಾಡುವವರು ಮೆಕ್ಸಿಕೋದಲ್ಲಿದ್ದರು. ಗೆದ್ದವರೇ ಸೋತವರ ಗಸಿಯನ್ನು ಸೋತವರ ಹೆಸರಿನಿಂದಲೇ ಕರೆಯುತ್ತ ಉಣ್ಣುತ್ತಿದ್ದಾರೆ. ಮನೆಯೊಳಗೆ ಒಂದು ಭಾಷೆ, ಗೇಟು ದಾಟಿದರೆ ಇನ್ನೊಂದು ಭಾಷೆ ಎಂಬ ಬದುಕು ನಮಗೆ ಹೊಸದಲ್ಲ. ಅಡುಗೆಮನೆಯಲ್ಲಿ ಒಂದು ಶಬ್ದ ಉಳಿದರೆ ಅದು ಸುಲಭಕ್ಕೆ ಸಾಯುವುದಿಲ್ಲ. ಆದ್ದರಿಂದ ರಜೆಯಲ್ಲಿ ಅಮ್ಮನ ಬಳಿ, ಅಜ್ಜಿಯ ಬಳಿ ಕುಳಿತು ನಿಮ್ಮ ಮನೆಯ ಗಸಿ, ಕೊದ್ದೆಲು, ತಂಬುಳಿಗಳ ಹೆಸರನ್ನೂ ಕ್ರಮವನ್ನೂ ಒಂದು ಪುಸ್ತಕದಲ್ಲಿ ಬರೆದು ತನ್ನಿ. ಮುಂದಿನ ವರ್ಷದ ಸಂಚಿಕೆಗೆ ಆ ಬರಹಗಳಿಗಾಗಿ ನಾನು ಕಾಯುತ್ತಿರುತ್ತೇನೆ.